ಮೊದಲು ಒತ್ತಿದ್ದು ಯಾರು?

"ಜಾಗ ಇಲ್ಲೆ ಹೇಳ್ತು ನೋಡು ಇದು! ಈಗ ಹೇಳ್ತು!"

ಪರಿಮಳತ್ತೆ ಮೇಜಿಗೆ ಬಡಿದಳು. ಚಹಾದ ಲೋಟ ಕುಣಿಯಿತು. ಅದು ಉರುಳುವ ಮೊದಲೇ ಸಮೃದ್ಧಿ ಹಿಡಿದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಬೆಳಗಿನಿಂದ ಇರುವೆ ಸಾಲಿನ ಹಾಗೆ ಓಡುತ್ತಿದ್ದ ಬಿಳಿ ಅಕ್ಷರಗಳು ಈಗ ನಿಂತುಬಿಟ್ಟಿದ್ದವು. ಕೊನೆಯ ಸಾಲಿನಲ್ಲಿ 'ಎರರ್' ಎಂದಿತ್ತು.

"ಎಲ್ಲಿ ಜಾಗ ಇಲ್ಲೆ, ಅತ್ತೆ?"

"ಇದ್ರ ಹೊಟ್ಟೆಲಿ. ಹಾರ್ಡ್ ಡಿಸ್ಕ್ ತುಂಬಿ ಹೋಯ್ದು. ಅರ್ಧ ಬಿಲ್ಡ್ ಆಗಿ ನಿಂತ್ಕಂಡ್ತು."

"ಅಂದ್ರೆ ಸೋಮವಾರಕ್ಕೆ ಆಗ್ತಿಲ್ಯಾ?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಅತ್ತೆ ಕನ್ನಡಕ ಒರೆಸಿದಳೆಂದರೆ ಅವಳ ತಲೆ ಬಿಸಿಯಾಗಿದೆ ಎಂದು ಅರ್ಥ. ಇವತ್ತು ಬೆಳಗಿನಿಂದ ಅವಳು ಅದನ್ನು ಒರೆಸುತ್ತಲೇ ಇದ್ದಳು.

ಸಮೃದ್ಧಿಗೆ ಅಳು ಬರುವ ಹಾಗಾಯಿತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಇನ್ನೂ ಯೂನಿಫಾರ್ಮ್ ಕೂಡ ಬದಲಿಸಿರಲಿಲ್ಲ. ಸೋಮವಾರ ಕ್ವಿಜ್. ಸೋಮವಾರ ಮೆಶಿನ್ ಬಾರದಿದ್ದರೆ ಇಡೀ ಆರನೇ ಕ್ಲಾಸಿನ ಎದುರು ಅವಳು ಒಂದು ಮಾತು ಹೇಳಬೇಕಿತ್ತು. ಆ ಮಾತನ್ನು ನೆನೆಸಿಕೊಂಡರೇ ಬಾಯಿ ಕಹಿಯಾಗುತ್ತಿತ್ತು.

ಎಲ್ಲ ಶುರುವಾದದ್ದು ಹೋದ ತಿಂಗಳ ಕ್ವಿಜ್‌ನಲ್ಲಿ. ರಾಜೀವಿ ಟೀಚರ್ ಕೊನೆಯ ಪ್ರಶ್ನೆ ಕೇಳಿದಾಗ ಸಮೃದ್ಧಿಯೂ ಕೈ ಎತ್ತಿದಳು, ಸುಹಾಸನೂ ಎತ್ತಿದ. ಟೀಚರ್ ಸುಹಾಸನನ್ನು ಕರೆದರು. ಅವನು ಸರಿ ಉತ್ತರ ಹೇಳಿಬಿಟ್ಟ. ಅವನ ತಂಡ ಗೆದ್ದಿತು.

"ಟೀಚರ್, ನಾನೇ ಮೊದ್ಲು ಎತ್ತಿದ್ದು!" ಎಂದು ಸಮೃದ್ಧಿ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು.

"ನನಗೆ ಕಂಡಿದ್ದು ಸುಹಾಸನ ಕೈ" ಎಂದಿದ್ದರು ಟೀಚರ್.

"ನಿಮಗೆ ಕಾಣ್ಲಿಲ್ಲ ಅಷ್ಟೇ! ನಮ್ಮತ್ತೆ ಹತ್ರ ಮೆಶಿನ್ ಮಾಡಿಸ್ತೇನೆ. ಯಾರು ಮೊದ್ಲು ಅಂತ ಅದೇ ಹೇಳ್ತದೆ. ಆಗ ಗೊತ್ತಾಗ್ತದೆ ಎಲ್ರಿಗೂ!"

"ಎಂತ ಮೆಶಿನ್ ಮಾರಾಯ್ತಿ, ರುಬ್ಬೋ ಮೆಶಿನ್ನಾ?" ಎಂದು ಸುಹಾಸ ನಕ್ಕಿದ್ದ. "ಮೆಶಿನ್ ಬರ್ಲಿಲ್ಲ ಅಂದ್ರೆ, 'ಸುಹಾಸನೇ ಮೊದ್ಲು, ನಾನು ಸುಳ್ಳು ಹೇಳಿದ್ದು' ಅಂತ ಎಲ್ರ ಎದ್ರು ಹೇಳ್ಬೇಕು. ಆಗ್ತದಾ?"

"ಆಗ್ತದೆ" ಎಂದುಬಿಟ್ಟಿದ್ದಳು ಸಮೃದ್ಧಿ.

ಪರಿಮಳತ್ತೆ ಶಿರಸಿಯ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಕಲಿಸುತ್ತಿದ್ದಳು. ಅಲ್ಲಿಂದ ಕೇಳಿಕೊಂಡು ಅಂಗೈಯಗಲದ ಒಂದು ಹಸಿರು ಬೋರ್ಡ್ ತಂದಿದ್ದಳು. ಒಂದೊಂದು ತಂಡಕ್ಕೆ ಒಂದೊಂದು ಗುಂಡಿ. ಯಾರು ಮೊದಲು ಒತ್ತುತ್ತಾರೋ ಅವರ ತಂಡದ ಹೆಸರು ಟೀವಿಯಲ್ಲಿ ಬರಬೇಕು.

"ಬೋರ್ಡ್ ಇದ್ದು, ಗುಂಡಿ ಇದ್ದು. ಮತ್ತೆಂತ ಕೆಲಸ?" ಎಂದು ಸಮೃದ್ಧಿ ಆಗ ಕೇಳಿದ್ದಳು.

"ಬೋರ್ಡಿಗೆ ಬುದ್ಧಿ ತುಂಬವು ಅಲ್ದಾ? ಲಿನಕ್ಸ್ ಹಾಕವು. ಈ ದೊಡ್ಡ ಕಂಪ್ಯೂಟರಿನಲ್ಲಿ ಇಪ್ಪದೆಲ್ಲ ಆ ಸಣ್ಣದಕ್ಕೆ ಹಿಡಿತಿಲ್ಲೆ. ಮದುವೆ ಊಟ ನಿನ್ನ ಟಿಫಿನ್ ಡಬ್ಬಿಗೆ ಹಿಡಿತ್ತಾ? ಬೇಕಾದಷ್ಟೇ ಆರಿಸಿ, ಬೇರೆಯಾಗಿ ಬೇಯಿಸಿ, ಡಬ್ಬಿ ಕಟ್ಟವು. ಅದೇ ಬಿಲ್ಡ್. ಆ ಡಬ್ಬಿಗೆ ಇಮೇಜ್ ಹೇಳದು. ಅದನ್ನ ಈ ಕಾರ್ಡಿಗೆ ಬರೆದು ಬೋರ್ಡಿಗೆ ಸಿಕ್ಸಿರೆ ಅದು ಎಚ್ಚರ ಆಗ್ತು, ಬೂಟ್ ಆಗ್ತು."

ಹೇಳುವಾಗ ಸುಲಭವಾಗಿಯೇ ಇತ್ತು.

ಮೊದಲನೇ ಡಬ್ಬಿ ಹಾಕಿದಾಗ ಟೀವಿಯಲ್ಲಿ ಬಿಳಿ ಅಕ್ಷರಗಳು ಓಡಿಬಂದು, 'ಕರ್ನಲ್ ಪ್ಯಾನಿಕ್' ಎಂದು ಬರೆದು ನಿಂತವು. ಟೀವಿಯ ಎದುರು ಕುಳಿತಿದ್ದ ಅಜ್ಜಿ, "ಪಾಪ, ಯಾವ ಕರ್ನಲ್ಲಿಗೆ ಎಂತ ಆತೇ? ಮಿಲಿಟ್ರಿಯವನಾ?" ಎಂದು ಕೇಳಿದರು.

"ಮಿಲಿಟ್ರಿ ಅಲ್ದೇ ಅಬ್ಬೆ! ಲಿನಕ್ಸಿನ ತಿರುಳಿಗೆ ಕರ್ನಲ್ ಹೇಳದು. ಅದಕ್ಕೆ ಗಾಬರಿ ಆಯ್ದು."

"ಎಂಗೂ ಗಾಬರಿ ಆಯ್ದು. ಎನ್ನ ಧಾರಾವಾಹಿ ಮುಗದೇ ಹೋಗ್ತು. ವಯರ್ ಬಿಚ್ಚಿ ಕೊಡಿ" ಎಂದರು ಅಜ್ಜಿ.

ಎರಡನೇ ಡಬ್ಬಿ ಬೂಟ್ ಆಯಿತು. ಸಮೃದ್ಧಿ ಕುಣಿದಳು. ರಾಜೀವಿ ಟೀಚರ್ ತಂಡಗಳಿಗೆ ನದಿಗಳ ಹೆಸರಿಟ್ಟಿದ್ದರು. ಅಘನಾಶಿನಿ ಸುಹಾಸನ ತಂಡ. ಗುಂಡಿ ಒತ್ತಿದರೆ ಅಘನಾಶಿನಿ ಬಂತು, ವರದಾ ಬಂತು, ಶರಾವತಿಯೂ ಬಂತು. ಗುಡಿಸು, ಇಳಿಗಳು ಸ್ವಲ್ಪ ಸೊಟ್ಟಗೆ ಕೂತಿದ್ದರೂ ಓದಲು ಆಗುತ್ತಿತ್ತು.

ಸಮೃದ್ಧಿಯದು ಶಾಲ್ಮಲಾ ತಂಡ. ಅವಳು ತನ್ನ ಗುಂಡಿ ಒತ್ತಿದಳು.

ಮ-ಕಾರದ ಒತ್ತು ಲ-ಕಾರದ ಕೆಳಗೆ ಹೋಗಿ ಕೂರಲೇ ಇಲ್ಲ. ಪಕ್ಕಕ್ಕೆ ಬಂದು, ದೊಡ್ಡದಾಗಿ ನಿಂತಿತು.

ಶಾಲ್ ಮಲಾ.

ಸಮೃದ್ಧಿ ಅದನ್ನೇ ನೋಡಿದಳು. ಆಮೇಲೆ ಸುಹಾಸ ಅದನ್ನು ಹೇಗೆ ಓದುತ್ತಾನೆ ಎಂದು ಯೋಚಿಸಿದಳು. ಅವಳ ಕಿವಿ ಬಿಸಿಯಾಯಿತು.

"ಅತ್ತೇ! ಇದು ಆಗ್ತಿಲ್ಲೆ! ಇದನ್ನ ತಗಂಡು ಹೋದ್ರೆ ಆನು ಸತ್ತೇ ಹೋಗ್ತೆ!"

"ಒತ್ತಕ್ಷರ ಜೋಡ್ಸದು ಬೇರೆ ಸಾಮಾನು. ಅದನ್ನ ಡಬ್ಬಿಗೆ ಹಾಕಿದ್ದಿಲ್ಲೆ" ಎಂದು ಅತ್ತೆ ನಿಟ್ಟುಸಿರು ಬಿಟ್ಟಿದ್ದಳು. "ಮತ್ತೆ ಬಿಲ್ಡ್ ಮಾಡವು."

ಆ ಮೂರನೇ ಬಿಲ್ಡೇ ಈಗ ಜಾಗವಿಲ್ಲದೆ ಅರ್ಧಕ್ಕೆ ನಿಂತದ್ದು.

ಅತ್ತೆ ಕನ್ನಡಕ ಹಾಕಿಕೊಂಡಳು. "ಬಾ ಇಲ್ಲಿ. ಬೇಡದೇ ಇದ್ದದ್ದೆಲ್ಲ ತೆಗಿಯನ. ಈ ಕಾರ್ಟೂನ್ ಯಾರದು?"

"ಎನ್ನದು."

"ತೆಗಿ."

"ಅತ್ತೇ..."

"ಸೋಮವಾರ ಬೇಕಾ, ಕಾರ್ಟೂನ್ ಬೇಕಾ?"

ಸಮೃದ್ಧಿ ಡಿಲೀಟ್ ಒತ್ತಿದಳು.

"ಹಾಂಗಲ್ಲ. ಹಾಂಗೆ ಮಾಡಿರೆ ಕಸದ ಬುಟ್ಟಿಲಿ ಹೋಗಿ ಕೂತ್ಕತ್ತು, ಜಾಗ ಖಾಲಿ ಆಗ್ತಿಲ್ಲೆ. ಶಿಫ್ಟ್ ಹಿಡ್ಕಂಡು ಡಿಲೀಟ್ ಒತ್ತು. ಹಾಂ. ಈ ಹಾಡು ತೆಗಿ. ಈ ಗೇಮ್ ತೆಗಿ. ಅದರ ಕೆಳಗಿಂದೂ ತೆಗಿ."

ಸಮೃದ್ಧಿ ಒಂದೊಂದೇ ತೆಗೆದಳು. ಪ್ರತಿ ಸಲವೂ ಕಂಪ್ಯೂಟರ್, ನಿಜವಾಗಿಯೂ ತೆಗೆಯಲಾ ಎಂದು ಕೇಳುತ್ತಿತ್ತು. ಪ್ರತಿ ಸಲವೂ ಅವಳು ಹಲ್ಲು ಕಚ್ಚಿ ಹೌದು ಎನ್ನುತ್ತಿದ್ದಳು.

ಸಂಜೆಗೆ ಬಿಲ್ಡ್ ಮತ್ತೆ ಶುರುವಾಯಿತು. ಬಿಳಿ ಇರುವೆಗಳು ಓಡತೊಡಗಿದವು.

"ನಾಳೆ ಮಧ್ಯಾಹ್ನಕ್ಕೆ ಮುಗಿಗು" ಎಂದಳು ಅತ್ತೆ. "ಅಲ್ಲಿವರೆಗೆ ಯಾರೂ ಮುಟ್ಟಡಿ."

ಭಾನುವಾರ ಅತ್ತೆ ಗೆಳತಿಯ ಮನೆಯ ಗೃಹಪ್ರವೇಶಕ್ಕೆಂದು ಯಲ್ಲಾಪುರಕ್ಕೆ ಹೋಗಲೇಬೇಕಿತ್ತು. ಅಪ್ಪ, ಆಯಿ ಪೇಟೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಮತ್ತು ಸಮೃದ್ಧಿ ಇಬ್ಬರೇ. ಸಮೃದ್ಧಿ ಕಂಪ್ಯೂಟರಿನ ಎದುರು ಕಾವಲು ಕೂತಿದ್ದಳು. ಊಟದ ಹೊತ್ತಿಗೆ ಇರುವೆಗಳು ತಾವಾಗಿಯೇ ನಿಂತವು. ಈ ಸಲ 'ಎರರ್' ಎಂದು ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಜಗಲಿಯ ಫೋನು ರಿಂಗಾಯಿತು. ಆ ಫೋನಿನ ವಯರ್ ಕಂಪ್ಯೂಟರ್ ಇದ್ದ ಕೋಣೆಯವರೆಗೆ ಬರುತ್ತಿರಲಿಲ್ಲ. ಅಜ್ಜಿ ಎತ್ತಿಕೊಂಡರು.

"ಕೂಸೇ, ಪರಿಮಳನ ಫೋನು! ಓಡದು ನಿಂತಿದ್ದಾ ಕೇಳ್ತು!"

"ನಿಂತಿದ್ದು ಹೇಳು! ಎರರ್ ಇಲ್ಲೆ ಹೇಳು!" ಸಮೃದ್ಧಿ ಒಳಗಿಂದಲೇ ಕೂಗಿದಳು.

"ನಿಂತಿದ್ದಡ! ಎಂತದೋ ಇಲ್ಲೆಯಡ!" ಅಜ್ಜಿ ಫೋನಿಗೆ ಕೂಗಿದರು. ಯಲ್ಲಾಪುರ ದೂರ, ಜೋರಾಗಿ ಹೇಳದಿದ್ದರೆ ಕೇಳುವುದಿಲ್ಲ ಎಂದು ಅವರ ಲೆಕ್ಕ. "ಹಾಂ? ಎಂತ? ಬ್ಯಾಂಡು ಬಾಜಾ ಶಬ್ದದಲ್ಲಿ ಕೇಳ್ತಿಲ್ಯೇ! ಹಾಂ... ಹಾಂ... ಕೂಸೇ! ಔಟ್‌ಪುಟ್ಟು ಹೇಳಿ ಒಂದು ಇದ್ದಡ!"

"ಔಟ್‌ಪುಟ್ ಹೇಳಿ ಫೋಲ್ಡರ್ ಇದ್ದು!"

"ಅದ್ನ ತೆಗಿ ಹೇಳ್ತು!"

ಸಮೃದ್ಧಿ ಆ ಫೋಲ್ಡರಿನ ಮೇಲೆ ಬಾಣವಿಟ್ಟಳು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದಳು. ನಿಜವಾಗಿಯೂ ತೆಗೆಯಲಾ ಎಂದಿತು ಕಂಪ್ಯೂಟರ್. ಹೌದು ಎಂದಳು. ಈ ಸಲ ತೆಗೆಯಲು ತುಂಬಾ ಹೊತ್ತು ಬೇಕಾಯಿತು. ಎಷ್ಟು ಕಸ ತುಂಬಿಕೊಂಡಿತ್ತಪ್ಪ ಎಂದುಕೊಂಡಳು.

"ತೆಗದ್ಯಾ ಕೇಳ್ತು!"

"ತೆಗದಾತು!"

"ಅದ್ರೊಳಗೆ ಎಂತೆಂತ ಇದ್ದು ಕೇಳ್ತು!"

"ಎಂತೂ ಇಲ್ಲೆ! ತೆಗದಾತಲಾ!"

ಅಜ್ಜಿ ಅದನ್ನು ಹಾಗೆಯೇ ಫೋನಿಗೆ ಹೇಳಿದರು. ಆಮೇಲೆ ರಿಸೀವರನ್ನು ಕಿವಿಯಿಂದ ದೂರ ಹಿಡಿದರು. ಅದರೊಳಗಿನಿಂದ ಬಂದ ಕೂಗು ಒಳಗಿನ ಕೋಣೆಯಲ್ಲಿದ್ದ ಸಮೃದ್ಧಿಗೂ ಕೇಳಿತು.

ಅತ್ತೆ ಸಿಕ್ಕಿದ ಬಸ್ಸು ಹತ್ತಿ ಬಂದಳು. ಬಂದವಳೇ ಕಂಪ್ಯೂಟರಿನ ಎದುರು ಕುಳಿತಳು. ಗೃಹಪ್ರವೇಶದ ಮಲ್ಲಿಗೆ ಇನ್ನೂ ಜಡೆಯಲ್ಲೇ ಇತ್ತು. ಹುಡುಕಿದಳು, ಮತ್ತೆ ಹುಡುಕಿದಳು. ಬುಟ್ಟಿಯಲ್ಲೂ ಏನೂ ಇರಲಿಲ್ಲ. ಶಿಫ್ಟ್ ಹಿಡಿಯಲು ಕಲಿಸಿದವಳು ಅವಳೇ.

"ಇಡೀ ಇಮೇಜ್ ಅದ್ರೊಳಗೇ ಇತ್ತಲೇ ಕೂಸೇ! ತೆಗಿ ಹೇಳಿರೆ ಓಪನ್ ಮಾಡು ಹೇಳಿ!"

"ನಿನ್ನೆ ನೀನೇ ಎಲ್ಲ ತೆಗಿ, ತೆಗಿ ಹೇಳಿದ್ದೆ. ಅದು ಡಿಲೀಟ್ ಆಗಿತ್ತು! ಇವತ್ತು ಹ್ಯಾಂಗೆ ಓಪನ್ ಆತು?"

"ಬಾಗಿಲು ತೆಗಿ ಹೇಳಿರೆ ಬಾಗಿಲು ಕಿತ್ತು ಬಿಸಾಡ್ತ್ಯಾ?"

"ಚಪ್ಪಲಿ ತೆಗಿ ಹೇಳಿರೆ ಚಪ್ಪಲಿ ಓಪನ್ ಮಾಡ್ತ್ಯಾ?"

ಅತ್ತೆ ಅಜ್ಜಿಯ ಕಡೆ ತಿರುಗಿದಳು. "ಆನು ಬರೀ ತೆಗಿ ಹೇಳಿದ್ದಲ್ಲ. 'ತೆಗದು ನೋಡು' ಹೇಳಿದ್ದೆ. ಸ್ಪಷ್ಟ ಹೇಳಿದ್ದೆ."

"ನೋಡು ಹೇಳಿದ್ದೇ ಇಲ್ಲೆ" ಎಂದರು ಅಜ್ಜಿ. "ಎನ್ನ ಕಿವಿ ಸರಿ ಇದ್ದು."

"ಹೇಳಿದ್ದೆ ಅಬ್ಬೆ!"

"ಇಲ್ಲೆ!"

"ಅಜ್ಜಿ ತೆಗಿ ಹೇಳೇ ಹೇಳಿದ್ದು. ಎಂಗೆ ಸರಿ ಕೇಳಿದ್ದು" ಎಂದು ಸಮೃದ್ಧಿಯೂ ಕೂಗಿದಳು.

ಮೂವರಿಗೂ ಖಾತ್ರಿಯಿತ್ತು. ಮೂವರೂ ಮುಖ ಊದಿಸಿಕೊಂಡು ಮೂರು ಕಡೆ ಕುಳಿತರು.

ರಾತ್ರಿಯಿಡೀ ಓಡಿದರೆ ಶಾಲೆಯ ಹೊತ್ತಿಗೆ ಮುಗಿಯಬಹುದೆಂದು ಅತ್ತೆ ಕತ್ತಲಾಗುವ ಮೊದಲು ಮತ್ತೆ ಬಿಲ್ಡ್ ಶುರು ಮಾಡಿದಳು. ಇರುವೆಗಳು ಓಡಿದವು. ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಸ್ವಲ್ಪ ಹೊತ್ತು ಅತ್ತು ಸುಮ್ಮನಾಯಿತು. ಅದರ ಜೊತೆಗೆ ಕಂಪ್ಯೂಟರೂ ಸುಮ್ಮನಾಯಿತು.

ಕತ್ತಲಲ್ಲಿ ಅತ್ತೆ ಕನ್ನಡಕ ಒರೆಸುತ್ತಿರುವುದು ಸಮೃದ್ಧಿಗೆ ಕಾಣದಿದ್ದರೂ ಗೊತ್ತಾಯಿತು.

"ಇನ್ನು ಬೆಳಗಿನೊಳಗೆ ಮುಗಿತಿಲ್ಲೆ. ಹಳೇ ಕಾರ್ಡ್ ಇದ್ದಲಾ" ಎಂದಳು ಅತ್ತೆ ಕೊನೆಗೆ. "ಎರಡನೇ ಡಬ್ಬಿ. ಬೂಟ್ ಆಗ್ತು, ಕೆಲಸ ಮಾಡ್ತು."

"ಅದ್ರಲ್ಲಿ ಶಾಲ್... ಅದು ಒಡದು ಬತ್ತು. ಬೇರೆ ಹೆಸರು ಹಾಕು."

"ಹೆಸರೂ ಇಮೇಜಿನ ಒಳಗೇ ಕಟ್ಟಿಬಿಟ್ಟಿದ್ದೆ. ಹೆಸರು ಬದಲ್ಸಲೂ ಮತ್ತೆ ಬಿಲ್ಡ್ ಮಾಡವು. ಅದನ್ನೇ ತಗಂಡು ಹೋಪದು, ಇಲ್ಲೆ ಅಂದ್ರೆ ಎಂತೂ ಇಲ್ಲೆ. ನೀನೇ ಹೇಳು."

ಸಮೃದ್ಧಿ ಲೆಕ್ಕ ಹಾಕಿದಳು. ಒಂದು ಕಡೆ 'ನಾನು ಸುಳ್ಳು ಹೇಳಿದ್ದು' ಎನ್ನುವ ಮಾತು. ಇನ್ನೊಂದು ಕಡೆ ಟೀವಿಯಗಲದ ಶಾಲ್ ಮಲಾ. ಎರಡೂ ಒಂದಕ್ಕಿಂತ ಒಂದು ಹಾಳು.

"ತಗಂಡು ಹೋಪನ" ಎಂದಳು. ತಾನು ಸುಳ್ಳು ಹೇಳಿರಲೇ ಇಲ್ಲವಲ್ಲ! ಅದನ್ನು ಮೆಶಿನ್ನೇ ತೋರಿಸಲಿ.

ಸೋಮವಾರ ಅತ್ತೆ ಕಾಲೇಜಿಗೆ ಹೋಗುವ ಮೊದಲು ಶಾಲೆಗೆ ಬಂದು ಬೋರ್ಡನ್ನು ಶಾಲೆಯ ಟೀವಿಗೆ ಜೋಡಿಸಿ, ಕ್ವಿಜ್ ನೋಡಲು ಬಾಗಿಲ ಹತ್ತಿರ ನಿಂತಳು. ಆರನೇ ಕ್ಲಾಸಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು.

"ಇಷ್ಟೇಯಾ?" ಎಂದ ಸುಹಾಸ. "ಇದು ನಮ್ಮನೆ ರೇಡಿಯೋದ ಹೊಟ್ಟೆ ಒಳಗಿರೋದು!"

ಟೀವಿ ಕಪ್ಪಾಯಿತು. ಬಿಳಿ ಅಕ್ಷರಗಳು ಓಡಿದವು. ಓಡಿ, ನಡುವೆ ಒಂದು ಕಡೆ ನಿಂತವು. ಮತ್ತೆ ಓಡಿದವು. ಪರದೆ ನೀಲಿಯಾಯಿತು. ಎಲ್ಲರೂ "ಓ!" ಎಂದರು.

"ಒಂದೊಂದು ತಂಡದವರೂ ಗುಂಡಿ ಒತ್ತಿ ನೋಡಿ" ಎಂದರು ರಾಜೀವಿ ಟೀಚರ್.

ಅಘನಾಶಿನಿ ಬಂತು. ವರದಾ ಬಂತು. ಶರಾವತಿ ಬಂತು. ಸಮೃದ್ಧಿಯ ಪಕ್ಕದಲ್ಲಿದ್ದ ದಿವ್ಯಾ, "ಒತ್ತೇ, ಒತ್ತೇ" ಎಂದು ತಿವಿದಳು. ಸಮೃದ್ಧಿ ಕಣ್ಣು ಮುಚ್ಚಿ ಒತ್ತಿದಳು.

ಕ್ಲಾಸೆಲ್ಲ ಟೀವಿಯ ಕಡೆ ಕತ್ತೆತ್ತಿತು. ಆಮೇಲೆ ಸುಹಾಸ ಓದಿದ.

"ಶಾಲು... ಮಲ! ಏಯ್, ಶಾಲು ಹೊದ್ಕೊಂಡ ಮಲ!"

ಕ್ಲಾಸೆಲ್ಲ ಬೆಂಚು ಬಡಿದು ನಕ್ಕಿತು. ದಿವ್ಯಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ಟೀಚರ್ ಡಸ್ಟರಿನಿಂದ ಮೇಜು ಕುಟ್ಟಿದರು. ಅವರ ತುಟಿಯೂ ಸೊಟ್ಟಗಾಗಿದ್ದನ್ನು ಸಮೃದ್ಧಿ ನೋಡಿಬಿಟ್ಟಳು.

"ಸಾಕು, ಸಾಕು! ಸುಹಾಸ, ಹೊರಗೆ ನಿಲ್ಲಿಸ್ಲಾ? ಅದು ಶಾಲ್ಮಲಾ ಅಂತ ಎಲ್ಲರಿಗೂ ಗೊತ್ತು. ಮೊದಲನೇ ಪ್ರಶ್ನೆ: ಬನವಾಸಿ ಯಾವ ನದಿಯ ದಂಡೆಯ ಮೇಲೆ..."

ಸಮೃದ್ಧಿ ಒತ್ತಿದಳು. ಟೀವಿಯಲ್ಲಿ ಶಾಲ್ ಮಲಾ ಬಂತು. ಕಿಸಿಕಿಸಿ ನಗು ಎದ್ದಿತು.

"ವರದಾ!" ಎಂದಳು.

ವರದಾ ತಂಡದವರು ತಮ್ಮ ಹೆಸರೇ ಉತ್ತರವಾದರೂ ಒತ್ತಲು ಮರೆತು ಕೂತಿದ್ದರು. ಈಗ ಎಲ್ಲರೂ ಅವರನ್ನು ನೋಡಿ ನಕ್ಕರು.

"ಜೇಡಕ್ಕೆ ಕಾಲು ಎಷ್ಟು?"

ಮತ್ತೆ ಶಾಲ್ ಮಲಾ. ಈ ಸಲ ನಕ್ಕವರು ಹಿಂದಿನ ಬೆಂಚಿನವರು ಮಾತ್ರ. ಅದರ ಮುಂದಿನ ಸಲ ಅವರೂ ನಗಲಿಲ್ಲ. ಶಾಲ್ಮಲಾ ಮುಂದೆ ಹೋಗುತ್ತಿತ್ತು. ಅಘನಾಶಿನಿ ಹಿಂದೆಯೇ ಬರುತ್ತಿತ್ತು. ಸುಹಾಸನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲಿಟ್ಟು ಟೀಚರ್ ಬಾಯನ್ನೇ ನೋಡುತ್ತಿದ್ದ. ಸಮೃದ್ಧಿಯೂ ಅದನ್ನೇ ನೋಡುತ್ತಿದ್ದಳು.

ಕೊನೆಯ ಪ್ರಶ್ನೆಯ ಹೊತ್ತಿಗೆ ಎರಡೂ ತಂಡಗಳು ಸರಿಸಮವಾಗಿದ್ದವು.

"ಯಾವ ಹಕ್ಕಿ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ..."

ಕೋಗಿಲೆ! ಸಮೃದ್ಧಿಯ ಹೆಬ್ಬೆರಳು ತಾನಾಗಿಯೇ ಇಳಿಯಿತು. ಟೀಚರ್ ಪ್ರಶ್ನೆ ಮುಗಿಸಿರಲೂ ಇಲ್ಲ. ಅವಳು ನಗುತ್ತಲೇ ಟೀವಿಯ ಕಡೆ ತಿರುಗಿದಳು.

ಅಘನಾಶಿನಿ.

"ಏಯ್, ಸುಳ್ಳು!" ದಿವ್ಯಾ ಸಮೃದ್ಧಿಯ ತೋಳು ಹಿಡಿದು ಚೀರಿದಳು. "ನಾವೇ ಮೊದ್ಲು ಒತ್ತಿದ್ದು ಟೀಚರ್! ನಾನು ನೋಡಿದ್ದೇನೆ! ಹೇಳೇ ಸಮೃದ್ಧಿ! ವಯರ್ ಲೂಸ್ ಆಗಿರ್ಬೇಕು!"

ಇಡೀ ಕ್ಲಾಸು ಸಮೃದ್ಧಿಯ ಕಡೆ ತಿರುಗಿತು. ಅವಳು ಈಗ ಬೆಂಚು ಹತ್ತುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಸುಹಾಸ ಜಗಳಕ್ಕೆ ತಯಾರಾಗಿ ಆಗಲೇ ಎದ್ದು ನಿಂತಿದ್ದ.

ಸಮೃದ್ಧಿ ಬಾಗಿಲ ಹತ್ತಿರ ನಿಂತಿದ್ದ ಅತ್ತೆಯನ್ನು ನೋಡಿದಳು. ಅತ್ತೆ ವಯರನ್ನು ಒಮ್ಮೆ ನೋಡಿ, ನಿಧಾನವಾಗಿ ತಲೆಯಾಡಿಸಿದಳು. ವಯರ್ ಸರಿಯಾಗಿಯೇ ಇತ್ತು.

ಸಮೃದ್ಧಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ತಾನೇ ಮೊದಲು ಎಂದು ಈಗಲೂ ಅನಿಸುತ್ತಿತ್ತು. ದೇವರ ಮೇಲೆ ಆಣೆ ಮಾಡಿ ಹೇಳುವಷ್ಟು ಅನಿಸುತ್ತಿತ್ತು. ಗುಂಡಿ ಒತ್ತುವಾಗ ಸುಹಾಸನ ಕೈ ಅವಳಿಗೆ ಕಂಡೇ ಇರಲಿಲ್ಲ. ಕಂಡದ್ದು ತನ್ನ ಕೈ ಮಾತ್ರ.

ಹೋದ ತಿಂಗಳು ಕೈ ಎತ್ತಿದಾಗಲೂ ಹೀಗೇ ಅನಿಸಿತ್ತು. ಹೀಗೇ, ಇಷ್ಟೇ ಖಾತ್ರಿಯಾಗಿ.

"ಸಮೃದ್ಧಿ, ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು ಟೀಚರ್.

ಅವಳು ದಿವ್ಯಾಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅವನೇ ಮೊದ್ಲು ಟೀಚರ್" ಎಂದಳು. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿತು. ಆಮೇಲೆ ಸುಹಾಸನ ಕಡೆ ತಿರುಗಿದಳು.

"ಹೇಳೋ, ಎಂತ ನೋಡ್ತೀಯಾ? ಉತ್ತರ ಹೇಳು."